ಗ್ರಂಥಕರ್ತರೂ ಮಧ್ಯಸ್ಥರೂ

ಕನ್ನಡದ ಗ್ರಂಥಕರ್ತನಿಗೆ ಮಧ್ಯಸ್ಥನೆಂಬವನ ಹಂಗು ಬಹುಕಾಲ ಇರಲಿಲ್ಲ. ಬರೆದವನೇ ಅಚ್ಚುಕೂಟಕ್ಕೆ ಅಲೆದು, ಬರೆದವನೇ ಕರಡಚ್ಚನ್ನು ತಿದ್ದಿ, ಕಡೆಗೆ ಬರೆದವನೇ ಪುಸ್ತಕದ ಗಂಟನ್ನು ಹೆಗಲಿಗೇರಿಸಿ ಊರೂರಿಗೆ ಹೊರಡುವುದು ಈ ನಾಡಿನ ರೂಢಿಯಾಗಿತ್ತು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹಾಗೆ ಹೊತ್ತು ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸಿದರು. ಅಂಥ ನಾಡಿನಲ್ಲಿ, ಹಸ್ತಪ್ರತಿಯನ್ನು ಒಬ್ಬ ಮಧ್ಯಸ್ಥನಿಗೇ ಮೀಸಲಾಗಿ ಕೊಡಬೇಕೆ, ಹಲವರಿಗೆ ಏಕಕಾಲದಲ್ಲಿ ಕಳುಹಿಸಬಹುದೆ ಎಂಬ ಚರ್ಚೆಯನ್ನೆತ್ತುವುದು ಪರದೇಶದ ರೋಗಕ್ಕೆ ಇಲ್ಲಿ ಮದ್ದು ಅರೆದಂತೆ ಮೊದಲ ನೋಟಕ್ಕೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಕಾಲ ಹಾಗೆಯೇ ನಿಂತಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ೨೦೧೭ರಲ್ಲಿ ಅಮೆರಿಕಾದಲ್ಲಿಯೂ ಪ್ರಕಟವಾಯಿತು. ೨೦೨೫ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕರ ಹನ್ನೆರಡು ಕಥೆಗಳ ಸಂಕಲನ, ದೀಪಾ ಭಾಸ್ತಿಯವರು ಅನುವಾದಿಸಿದ ‘ಹಾರ್ಟ್ ಲ್ಯಾಂಪ್’, ಅಂತರರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆಯಿತು. ಕನ್ನಡಕ್ಕೆ ಆ ಬಹುಮಾನ ಬಂದುದು ಅದೇ ಮೊದಲು. ಲಂಡನ್ ಮತ್ತು ನ್ಯೂಯಾರ್ಕಿನ ದೊಡ್ಡ ಪ್ರಕಾಶನಸಂಸ್ಥೆಗಳಲ್ಲಿ ಬಹುಪಾಲು ಮಧ್ಯಸ್ಥನ ಮೂಲಕವಲ್ಲದೆ ಬಂದ ಹಸ್ತಪ್ರತಿಯನ್ನು ತೆರೆದು ನೋಡುವುದಿಲ್ಲವಾದುದರಿಂದ, ಕನ್ನಡದ ಕೃತಿ ಆ ಬಾಗಿಲನ್ನು ತಟ್ಟಬೇಕಾದರೆ ಬಾಗಿಲ ಕಾಯುವವನ ಮಾತನ್ನೂ ಕೇಳಬೇಕಾಗುತ್ತದೆ. ಆ ಮಾತುಗಳಲ್ಲೊಂದು ಮೀಸಲಿನ ಮಾತು.

ಇಂಗ್ಲಿಷರು ಸಾಹಿತ್ಯದ ಏಜೆಂಟ್ ಎಂದು ಕರೆಯುವವನನ್ನು ಇಲ್ಲಿ ಮಧ್ಯಸ್ಥ ಎಂದಿದೆ. ದಲ್ಲಾಳಿ ಎನ್ನಬಹುದಾಗಿತ್ತು, ಆದರೆ ಬೆಲ್ಲದ ಮಂಡಿಯ ಅನುಭವವುಳ್ಳ ಈ ಜಿಲ್ಲೆಯಲ್ಲಿ ಆ ಹೆಸರು ಕೇಳಿದೊಡನೆ ವಿಚಾರ ಮುಗಿದೇ ಹೋಗುವ ಭಯವುಂಟು. ಗ್ರಂಥಕರ್ತನ ಪರವಾಗಿ ಪ್ರಕಾಶಕನನ್ನು ಹುಡುಕಿ, ಕರಾರಿನ ಷರತ್ತುಗಳನ್ನು ಗೊತ್ತುಮಾಡಿ, ಬಂದ ಹಣದಲ್ಲಿ ನೂರಕ್ಕೆ ಇಷ್ಟೆಂದು ಪಾಲು ತೆಗೆದುಕೊಳ್ಳುವುದು ಇವನ ಉದ್ಯೋಗ. ಹಿಂದೆ ಆ ಪಾಲು ನೂರಕ್ಕೆ ೧೦ ಇತ್ತು. ಈಗ ಸಾಮಾನ್ಯವಾಗಿ ಸ್ವದೇಶದ ಮಾರಾಟಕ್ಕೆ ೧೫, ಪರದೇಶದ್ದಕ್ಕೆ ೨೦. ಈ ವೃತ್ತಿಯನ್ನು ೧೮೭೦ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಗೊಳಿಸಿದವನು ಎ. ಪಿ. ವಾಟ್ ಎಂಬಾತನು. ಪ್ರಕಾಶಕರು ಇವನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ವಿಲಿಯಂ ಹೈನೆಮಾನ್‌ನಂಥವರು ಬಹಿರಂಗವಾಗಿಯೇ ಖಂಡಿಸಿದರು. ಗ್ರಂಥಕರ್ತನ ಪಕ್ಷ ವಹಿಸಿ ಲೆಕ್ಕ ಕೇಳುವವನೊಬ್ಬ ನಡುವೆ ಬಂದನೆಂಬುದೇ ಅವರ ಸಿಟ್ಟಿಗೆ ಮುಖ್ಯ ಕಾರಣವೆಂದು ತೋರುತ್ತದೆ. ಮಧ್ಯಸ್ಥನನ್ನು ಗ್ರಂಥಕರ್ತನ ಶತ್ರುವೆಂದು ಭಾವಿಸಿ ಚರ್ಚೆಯನ್ನಾರಂಭಿಸುವುದು ಆದುದರಿಂದ ಸರಿಯಲ್ಲ.

ಈಗ ಮೀಸಲು ಎಂಬುದರ ಅರ್ಥವನ್ನು ಬಿಡಿಸಿಕೊಳ್ಳಬೇಕು. ಒಂದೇ ಹೆಸರಿನ ಕೆಳಗೆ ಎರಡು ಬೇರೆ ವಸ್ತುಗಳು ಅಡಗಿ ಕುಳಿತಿರುವುದೇ ಇಲ್ಲಿಯ ಗೊಂದಲಕ್ಕೆಲ್ಲ ಮೂಲ. ಮಧ್ಯಸ್ಥನು ಕೃತಿಯನ್ನು ಓದಿ, ಒಪ್ಪಿ, ಇದರ ಭಾರ ತನ್ನದೆಂದು ರುಜು ಮಾಡಿದ ಬಳಿಕ ಗ್ರಂಥಕರ್ತನು ಬೇರೊಬ್ಬನ ಮೂಲಕ ಅದೇ ಕೃತಿಯನ್ನು ನಡೆಸತಕ್ಕದ್ದಲ್ಲ. ಇದು ಒಂದನೆಯ ಮೀಸಲು. ಇದರಲ್ಲಿ ವಿವಾದವೇನೂ ಇಲ್ಲ. ಎರಡನೆಯದು ಇನ್ನೂ ಓದಿರದ, ಒಪ್ಪಿರದ, ಯಾವ ಮಾತನ್ನೂ ಕೊಟ್ಟಿರದ ಮಧ್ಯಸ್ಥನು, ತಾನು ನೋಡಿ ಹೇಳುವವರೆಗೆ ಬೇರೆ ಯಾರಿಗೂ ತೋರಿಸಬೇಡ ಎಂದು ಕೇಳುವುದು. ಕನ್ಯೆಯ ಜಾತಕ ಹತ್ತು ಮನೆಗೆ ಹೋಗುತ್ತದೆ. ವೀಳ್ಯ ಬದಲಾಯಿಸಿದ ಮೇಲೆ ಹನ್ನೊಂದನೆಯ ಮನೆಗೆ ಹೋಗದು. ವೀಳ್ಯದ ನಿಷ್ಠೆಯನ್ನು ಜಾತಕದ ದಿನವೇ ಬೇಡುವ ವರನ ಕಡೆಯವರಿಗೆ ಮಂಡ್ಯದ ಯಾವ ಮನೆಯ ಯಜಮಾನಿಯಾದರೂ ಏನು ಹೇಳಿಯಾಳೆಂಬುದು ತಿಳಿದ ವಿಷಯವೇ.

ಆದರೂ ಈ ಎರಡನೆಯ ಮೀಸಲು ಗ್ರಂಥಕರ್ತರಿಗೆ ಸಹಜಧರ್ಮವೆಂಬಂತೆ ಕಂಡುಬಂದಿರುವುದಕ್ಕೆ ಒಂದು ಕಾರಣವುಂಟು. ಅದನ್ನು ಯಾರೂ ಗಮನಿಸಿದಂತೆ ಕಾಣದು. ಹಿಂದಿನವರ ಹಸ್ತಪ್ರತಿ ನಿಜವಾಗಿಯೂ ಹಸ್ತಪ್ರತಿಯಾಗಿತ್ತು. ನಾನೂರು ಪುಟದ ಕಾದಂಬರಿಯನ್ನು ಮತ್ತೊಮ್ಮೆ ಕೈಯಿಂದ ನಕಲು ಮಾಡುವುದೆಂದರೆ ತಿಂಗಳುಗಳ ಕೆಲಸ. ಇದ್ದುದು ಒಂದು ಪ್ರತಿ; ಅದು ಒಂದು ಕಾಲಕ್ಕೆ ಒಂದು ಮೇಜಿನ ಮೇಲೆ ಮಾತ್ರ ಇರಬಲ್ಲದು. ಒಬ್ಬರಿಗೇ ಕಳುಹಿಸುವುದು ಆಗ ನಿಷ್ಠೆಯ ಲಕ್ಷಣವಾಗಿರಲಿಲ್ಲ, ಕಾಗದದ ಲಕ್ಷಣವಾಗಿತ್ತು. ಬೆರಳಚ್ಚು ಯಂತ್ರ ಬಂದಿತು, ನೆರಳಚ್ಚು ಬಂದಿತು, ಈಗ ಮಿಂಚಂಚೆಯಲ್ಲಿ ಒಂದು ಕ್ಷಣಕ್ಕೆ ನೂರು ಕಡೆಗೆ ಪ್ರತಿ ಹೋಗಬಲ್ಲದು. ಅಗತ್ಯ ಹೋಯಿತು, ಆಚಾರ ಉಳಿಯಿತು. ಕಾಗದ ಹುಟ್ಟಿಸಿದ ಕಟ್ಟುಪಾಡನ್ನು ನೀತಿಯೆಂದು ತಿಳಿದು ಹೊಸ ಬರೆಹಗಾರನು ಇಂದಿಗೂ ಅಳುಕುತ್ತಾನೆ.

ಮಾಸಪತ್ರಿಕೆ ವಾರಪತ್ರಿಕೆಗಳ ಸಂಗತಿ ಬೇರೆ. ಕಥೆಯೊಂದು ಸ್ವಂತದ್ದು, ಅಪ್ರಕಟಿತ, ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲ ಎಂದು ಬರೆದುಕೊಡಬೇಕೆಂದು ಕನ್ನಡದ ಕಥಾಸ್ಪರ್ಧೆಗಳು ಕೇಳುವುದರಲ್ಲಿ ನ್ಯಾಯವಿದೆ. ಪತ್ರಿಕೆಗೂ ಕಥೆಗೂ ನಡುವೆ ಕರಾರಿನ ಹಂತವಿಲ್ಲ; ಸಂಪಾದಕನು ಮೆಚ್ಚಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚಾಗಿಯೇ ಬಿಡುತ್ತದೆ. ಒಂದೇ ಕಥೆ ಎರಡು ವಾರಪತ್ರಿಕೆಗಳಲ್ಲಿ ಒಮ್ಮೆಗೇ ಕಾಣಿಸಿಕೊಂಡರೆ ಅವಮಾನವಾಗುವುದು ಸಂಪಾದಕರಿಗೂ ಹೌದು, ಓದುಗರಿಗೂ ಹೌದು. ಮಧ್ಯಸ್ಥನ ಮೆಚ್ಚುಗೆ ಹಾಗಲ್ಲ. ಅವನು ಮೆಚ್ಚಿದ ಮೇಲೂ ಮಾತುಕತೆ, ಕರಾರು, ಪ್ರಕಾಶಕನ ಅಂಗೀಕಾರ, ತಿದ್ದುಪಡಿ ಇವೆಲ್ಲ ಉಳಿದಿರುತ್ತವೆ. ಒಬ್ಬನಿಗೆ ಒಪ್ಪಿದ ದಿನ ಉಳಿದವರಿಗೆ ಒಂದು ಕಾಗದ ಬರೆದು ತಿಳಿಸುವುದಕ್ಕೆ ಬೇಕಾದಷ್ಟು ಅವಕಾಶವಿರುತ್ತದೆ. ಪತ್ರಿಕೆಯ ನಿಯಮವನ್ನು ತಂದು ಮಧ್ಯಸ್ಥನಿಗೆ ಹೊಂದಿಸುವುದು ಒಬ್ಬನ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದಂತೆ.

ಮಧ್ಯಸ್ಥನಿಗೂ ಹೇಳುವುದೊಂದುಂಟು. ಅವನು ಓದುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಎರಡು ವಾರ ಕುಳಿತು ಓದಿ, ಟಿಪ್ಪಣಿ ಬರೆದು, ಯಾವ ಪ್ರಕಾಶಕನಿಗೆ ಒಪ್ಪೀತೆಂದು ಯೋಚಿಸಿ, ಕಡೆಗೆ ಗ್ರಂಥಕರ್ತನಿಗೆ ಬರೆದರೆ, ಹೋದ ವಾರವೇ ಇನ್ನೊಬ್ಬರಿಗೆ ಕೊಟ್ಟಾಯಿತೆಂಬ ಉತ್ತರ ಬರುವುದು ಕಷ್ಟವೇ ಸರಿ. ಅದಲ್ಲದೆ, ನಲವತ್ತು ಮಂದಿಗೆ ಹೆಸರು ಮಾತ್ರ ಬದಲಾಯಿಸಿ ಒಂದೇ ಕಾಗದವನ್ನು ಬರೆಯುವ ಗ್ರಂಥಕರ್ತನು ಆ ನಲವತ್ತರಲ್ಲಿ ಯಾರೊಬ್ಬರು ಹೊರತಂದ ಪುಸ್ತಕವನ್ನೂ ಓದಿರುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ತನ್ನನ್ನು ಓದಬೇಕೆನ್ನುವವನು ತಾನೂ ಓದಿರಬೇಕು. ಐದಾರು ಮಂದಿಯನ್ನು ಅವರ ಕೆಲಸ ನೋಡಿ ಆರಿಸಿ ಬರೆಯುವುದಕ್ಕೂ ಊರೆಲ್ಲಕ್ಕೂ ಡಂಗುರ ಸಾರುವುದಕ್ಕೂ ವ್ಯತ್ಯಾಸವಿದೆ.

ಮೀಸಲು ಎಂಬ ಮಾತು ಈ ಜಿಲ್ಲೆಯ ರೈತನಿಗೆ ಹೊಸದಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ೧೯೩೩ರಲ್ಲಿ ಸ್ಥಾಪಿತವಾಯಿತು. ಇಂದು ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರಗಳಲ್ಲಿಯೂ ಕಾರ್ಖಾನೆಗಳಿವೆ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಸರ್ಕಾರವು ಒಂದು ಪ್ರದೇಶವನ್ನು ಒಂದು ಕಾರ್ಖಾನೆಗೆ ಮೀಸಲಿಡಬಹುದು. ಆಗ ಅಲ್ಲಿಯ ಒಪ್ಪಿಗೆ ಮಾಡಿಕೊಂಡ ಕಬ್ಬು ಬೇರೆ ಗೇಟಿಗೆ ಹೋಗುವಂತಿಲ್ಲ. ಹಸ್ತಪ್ರತಿಯ ಮೀಸಲಿಗೂ ಇದಕ್ಕೂ ಅಕ್ಷರಶಃ ಹೋಲಿಕೆಯಿದೆ. ಆದರೆ ಅದೇ ಆಜ್ಞೆ ಇನ್ನೊಂದು ಮಾತನ್ನೂ ಹೇಳುತ್ತದೆ: ಕಬ್ಬು ಒಪ್ಪಿಸಿದ ೧೪ ದಿನಗಳೊಳಗೆ ಕಾರ್ಖಾನೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿ ತೆರಬೇಕು. ರೈತನನ್ನು ಕಟ್ಟಿಹಾಕಿದ ಕೈಯೇ ಕಾರ್ಖಾನೆಯ ಕೈಗೂ ಹಗ್ಗ ಹಾಕಿತು. ಆ ೧೪ ದಿನಗಳ ನಿಯಮ ಎಷ್ಟರಮಟ್ಟಿಗೆ ನಡೆದಿದೆಯೆಂಬುದನ್ನು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ನಿಯಮವಿರುವುದರಿಂದಲೇ ರೈತನು ಕೇಳಬಲ್ಲನು, ದಾವಾ ಹೂಡಬಲ್ಲನು, ರಸ್ತೆಯಲ್ಲಿ ಕುಳಿತುಕೊಳ್ಳಬಲ್ಲನು. ಮಂಡ್ಯದ ಕಾರ್ಖಾನೆ ಕೆಲವು ಕಾಲ ಅರೆಯುವುದನ್ನು ನಿಲ್ಲಿಸಿ ೨೦೨೨ರಲ್ಲಿ ಮತ್ತೆ ಆರಂಭಿಸಿತು. ನಿಂತಿದ್ದ ಕಾಲದಲ್ಲಿ ಕಬ್ಬು ಬೇರೆಡೆಗೆ ಹೋಯಿತು. ಗದ್ದೆಯಲ್ಲಿ ಒಣಗಲೆಂದು ಯಾರೂ ಹೇಳಲಿಲ್ಲ.

ಗ್ರಂಥಕರ್ತನು ಕೊಡುವ ಮೀಸಲಿಗೆ ಈ ೧೪ ದಿನಗಳಿಲ್ಲ. ಎಷ್ಟು ದಿನದಲ್ಲಿ ಓದಬೇಕು, ಓದದಿದ್ದರೆ ಏನು ತೆರಬೇಕು ಎಂಬುದು ಎಲ್ಲಿಯೂ ಇಲ್ಲ. ಮಧ್ಯಸ್ಥನು ಆರು ತಿಂಗಳು ಇಟ್ಟುಕೊಂಡು ಮೌನವಾಗಿದ್ದರೆ ಅವನಿಗೆ ನಷ್ಟವೇನೂ ಇಲ್ಲ. ನಾಲ್ವರು ಹೀಗೆ ಒಬ್ಬರ ಹಿಂದೊಬ್ಬರು ಮಾಡಿದರೆ ಗ್ರಂಥಕರ್ತನ ಆಯುಸ್ಸಿನಲ್ಲಿ ಎರಡು ವರ್ಷ ಹೋಯಿತು. ಮಳವಳ್ಳಿ ಮದ್ದೂರುಗಳ ರೇಷ್ಮೆ ಬೆಳೆಗಾರನು ಗೂಡನ್ನು ರಾಮನಗರದ ಮಾರುಕಟ್ಟೆಗೆ ಹೊತ್ತು ಹರಾಜಿನಲ್ಲಿಡುವುದು ಏತಕ್ಕೆ? ತಡವಾದರೆ ಚಿಟ್ಟೆ ಗೂಡನ್ನು ಕೊರೆದು ಹೊರಬಿದ್ದೀತು, ಆಮೇಲೆ ಆ ಗೂಡಿನಿಂದ ಎಳೆ ಬಾರದು. ಕೃತಿಯೂ ಹಾಗೆ ಕೆಡುತ್ತದೆಯೆ ಎಂದು ಕೇಳಬಹುದು. ಒಳ್ಳೆಯ ಕೃತಿ ಕೆಡುವುದಿಲ್ಲ, ನಿಜ. ಕೆಡುವುದು ಬರೆಯುವವನ ಉತ್ಸಾಹ. ಮೊದಲನೆಯ ಪುಸ್ತಕ ಮೇಜಿನ ಖಾನೆಯಲ್ಲಿ ಕೊಳೆಯುತ್ತಿರುವಾಗ ಎರಡನೆಯದಕ್ಕೆ ಕೈ ಹಾಕುವ ಮನಸ್ಸು ಎಲ್ಲರಿಗೂ ಬರುವುದಿಲ್ಲ.

ನೆರೆಯ ಮೈಸೂರಿನಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಆರ್. ಕೆ. ನಾರಾಯಣರು ತಮ್ಮ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅನ್ನು ಲಂಡನ್ನಿನ ಪ್ರಕಾಶಕರಿಗೆ ಕಳುಹಿಸುತ್ತ ಬಂದರು. ಒಬ್ಬರು ಹಿಂದಿರುಗಿಸಿದ ಮೇಲೆ ಮತ್ತೊಬ್ಬರು. ಪ್ರತಿಯೊಬ್ಬರ ಮೇಜಿನ ಮೇಲೂ ಆ ಪ್ರತಿ ತನ್ನ ಮೀಸಲಿನ ಕಾಲವನ್ನು ಕಳೆಯಿತು. ಯಾರಿಗೂ ಅದರಿಂದ ಯಾವ ಬಾಧ್ಯತೆಯೂ ಹುಟ್ಟಲಿಲ್ಲ. ಬೇಸತ್ತ ನಾರಾಯಣರು ಆಕ್ಸ್‌ಫರ್ಡಿನಲ್ಲಿದ್ದ ತಮ್ಮ ಸ್ನೇಹಿತ ಪೂರ್ಣ ಎಂಬವರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಬರೆದರು. ಸ್ನೇಹಿತನು ಹಾಗೆ ಮಾಡದೆ ಗ್ರಹಾಂ ಗ್ರೀನರ ಕೈಗಿತ್ತನು. ಗ್ರೀನರ ಶಿಫಾರಸಿನಿಂದ ೧೯೩೫ರಲ್ಲಿ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ಈ ಕಥೆಯನ್ನು ಅದೃಷ್ಟದ ಕಥೆಯೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಅದೃಷ್ಟ ಬಂದುದು ಯಾವ ಬಾಗಿಲಿನಿಂದ ಎಂಬುದನ್ನು ನೋಡಬೇಕು. ಸರತಿಯಲ್ಲಿ ತಾಳ್ಮೆಯಿಂದ ನಿಂತುದರ ಫಲವಾಗಿ ಅದು ಬರಲಿಲ್ಲ. ಸರತಿಯನ್ನು ತೊರೆದು ಸ್ನೇಹಿತನು ಅಡ್ಡದಾರಿ ಹಿಡಿದುದರಿಂದ ಬಂದಿತು. ಪೂರ್ಣನಂಥ ಸ್ನೇಹಿತನಿಲ್ಲದ, ಕಾಯುತ್ತ ಕಾಯುತ್ತ ಕಲ್ಲು ಕಟ್ಟಿಕೊಂಡ ಹಸ್ತಪ್ರತಿಗಳ ಲೆಕ್ಕವನ್ನು ಇಟ್ಟವರಿಲ್ಲ.

ಅದೇ ನಾರಾಯಣರ ಮುಂದಿನ ಚರಿತ್ರೆ ಒಂದನೆಯ ಬಗೆಯ ಮೀಸಲಿಗೆ ಸಾಕ್ಷಿಯಾಗಿದೆ. ಗ್ರೀನರ ಮೂಲಕವೇ ಡೇವಿಡ್ ಹೈಯಮ್ ಎಂಬ ಲಂಡನ್ನಿನ ಮಧ್ಯಸ್ಥರ ಸಂಬಂಧ ಒದಗಿ ದೀರ್ಘಕಾಲ ನಡೆಯಿತು. ಎರಡನೆಯ ಕಾದಂಬರಿ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ ೧೯೩೭ರಲ್ಲಿ ನೆಲ್ಸನ್ ಸಂಸ್ಥೆಯಿಂದ, ಮೂರನೆಯದು ‘ದಿ ಡಾರ್ಕ್ ರೂಮ್’ ೧೯೩೮ರಲ್ಲಿ ಮ್ಯಾಕ್ಮಿಲನ್ ಸಂಸ್ಥೆಯಿಂದ ಹೊರಬಂದವು. ಮೊದಲ ಪುಸ್ತಕಗಳ ಮಾರಾಟ ಸಾಲದಾಗಿ ಮೂರು ಪುಸ್ತಕಕ್ಕೆ ಮೂರು ಪ್ರಕಾಶಕರನ್ನು ಹುಡುಕಬೇಕಾದ ಇಂಥ ಕಾಲದಲ್ಲಿ, ಸಾವಿರಾರು ಮೈಲಿ ದೂರದ ಗ್ರಂಥಕರ್ತನಿಗೆ ಆ ಊರಿನಲ್ಲಿ ತನ್ನವನೆನ್ನುವವನೊಬ್ಬನಿರುವುದರ ಬೆಲೆ ತಿಳಿಯುತ್ತದೆ. ಭಾರ ಹೊತ್ತವನಿಗೆ ನಿಷ್ಠೆ ಸಲ್ಲಬೇಕು. ಇನ್ನೂ ಹೊರದವನಿಗೆ ಅದನ್ನು ಮುಂಗಡವಾಗಿ ಕೊಡುವುದೇತಕ್ಕೆ?

ಕಾನೂನು ಈ ವಿಷಯದಲ್ಲಿ ಅರ್ಧ ದಾರಿ ಬಂದು ನಿಂತಿದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೧೯ನೆಯ ವಿಧಿ ಈಗಿರುವ ರೂಪದಲ್ಲಿ, ಹಕ್ಕನ್ನು ಬರೆಸಿಕೊಂಡವನು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ ಹಕ್ಕು ಬಿದ್ದುಹೋಗುತ್ತದೆಂದು ಹೇಳುತ್ತದೆ; ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆಂದೂ ತಿಳಿಯಬೇಕೆನ್ನುತ್ತದೆ. ಹಣ ಕೊಟ್ಟು ಹಕ್ಕು ಪಡೆದವನಿಗೂ ಕಾಯಿದೆ ಗಡುವು ಹಾಕಿರುವಾಗ, ಏನೂ ಕೊಡದೆ ಓದುವುದಕ್ಕೆಂದು ತೆಗೆದುಕೊಂಡವನಿಗೆ ಗಡುವಿಲ್ಲದಿರುವುದು ವಿಚಿತ್ರವಾಗಿದೆ. ಓದುವ ಹಂತದಲ್ಲಿ ಹಕ್ಕಿನ ವರ್ಗಾವಣೆಯೇ ಆಗಿಲ್ಲವಾದುದರಿಂದ ಈ ವಿಧಿ ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಗ್ರಂಥಕರ್ತನಿಗೆ ಕಾಯಿದೆಯೆಂದರೆ ಅವನು ಬರೆಯುವ ಕಾಗದವೇ.

ಆ ಕಾಗದದಲ್ಲಿ ಏನಿರಬೇಕು? ಕೇಳದವನಿಗೆ ಮೀಸಲನ್ನು ತಾನಾಗಿ ಕೊಡುವುದು ದೈನ್ಯ, ಅದನ್ನು ಬಿಡಬೇಕು. ಮಾದರಿಯ ಕೆಲವು ಪುಟಗಳನ್ನು ಓದಿ, ಪೂರ್ತಿ ಕೃತಿಯನ್ನು ಕಳುಹಿಸಿ, ಸ್ವಲ್ಪ ಕಾಲ ಬೇರೆಯವರಿಗೆ ಕೊಡಬೇಡಿ ಎಂದು ಮಧ್ಯಸ್ಥನು ಕೇಳಿದರೆ ಆಗ ಕೊಡಬಹುದು. ಅವನು ಸ್ವಲ್ಪಮಟ್ಟಿಗಾದರೂ ಮನಸ್ಸನ್ನು ತೊಡಗಿಸಿದ್ದಾನೆ. ಆದರೆ ತಾರೀಖನ್ನು ನಮೂದಿಸಿ ಕೊಡಬೇಕು. ನಾಲ್ಕು ವಾರವೋ ಆರು ವಾರವೋ ಕೃತಿಯ ಗಾತ್ರವನ್ನು ನೋಡಿ ಗೊತ್ತುಮಾಡಬಹುದು. ಆ ದಿನ ಕಳೆದರೆ ಗ್ರಂಥಕರ್ತನು ಸ್ವತಂತ್ರನೆಂದು ಅದೇ ಕಾಗದದಲ್ಲಿ ಸ್ಪಷ್ಟವಾಗಿರಬೇಕು. ಈಗಾಗಲೇ ಬೇರೊಬ್ಬರು ಓದುತ್ತಿದ್ದರೆ ಅದನ್ನು ಮುಚ್ಚಿಡಕೂಡದು. ಒಮ್ಮೆ ಕೊಟ್ಟ ಅವಧಿಯೊಳಗೆ ಕದ್ದು ಇನ್ನೊಂದು ಕಡೆಗೆ ಕಳುಹಿಸುವವನು ಮುಂದಿನ ಗ್ರಂಥಕರ್ತರೆಲ್ಲರ ಮಾತಿನ ಬೆಲೆಯನ್ನು ಕಳೆಯುತ್ತಾನೆ. ಮನೆಗಳಲ್ಲಿ ದೇವರಿಗೆ ಮೀಸಲೆಂದು ಕಟ್ಟಿಟ್ಟದ್ದಕ್ಕೂ ಜಾತ್ರೆಯ ದಿನವೊಂದು ಗೊತ್ತಿರುತ್ತದೆ; ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ.

ತಾರೀಖು ಕೇಳಿದರೆ ಮಧ್ಯಸ್ಥನು ಮುನಿದಾನು, ಸಣ್ಣ ಊರಿನ ಹೊಸ ಬರೆಹಗಾರನಿಗೆ ಇಷ್ಟು ಠೇಂಕಾರವೆ ಎಂದಾನು ಎಂಬ ಅಂಜಿಕೆಯುಂಟು. ಮುನಿಯುವವನು ಕಡೆಗೆ ಪ್ರಕಾಶಕನ ಮುಂದೆ ಗ್ರಂಥಕರ್ತನ ಪರವಾಗಿ ತಾರೀಖು ಕೇಳಬೇಕಾದವನೇ. ತನ್ನನ್ನು ಕೇಳಿದುದಕ್ಕೇ ಸಿಡುಕುವವನು ಇನ್ನೊಬ್ಬರನ್ನು ಹೇಗೆ ಕೇಳಿಯಾನು?

ಕಾಯುವುದರ ಬೆಲೆಯನ್ನು ಅಳೆಯಬೇಕಾದರೆ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರ ಬಾಳನ್ನು ನೆನೆಯಬೇಕು. ೧೯೨೮ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ಅಪಸ್ವರ’ ೧೯೫೩ರಲ್ಲಿ ಪ್ರಕಟವಾಯಿತು. ೧೯೬೩ರಲ್ಲಿ ಅವರು ತೀರಿಕೊಂಡರು. ನಡುವಣ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳು. ಮುಗಿಯದೆ ಉಳಿದ ‘ಅವಳ ಮನೆ’ಯನ್ನು ಎಂ. ಸಿ. ಪದ್ಮಾ ಅವರು ಪೂರ್ತಿಗೊಳಿಸಿದರು. ಈ ಹತ್ತು ವರ್ಷಗಳ ಆರಂಭದಲ್ಲಿಯೇ ಮೂವರು ಮಧ್ಯಸ್ಥರು ಆರಾರು ತಿಂಗಳಂತೆ ಮೊದಲ ಹಸ್ತಪ್ರತಿಯನ್ನು ಮೀಸಲಾಗಿ ಇಟ್ಟುಕೊಂಡಿದ್ದರೆ ಒಂದೂವರೆ ವರ್ಷ ಹೋಗುತ್ತಿತ್ತು. ಅವರು ಬರೆದ ವೇಗದಲ್ಲಿ ಅದು ಮೂರು ಕಾದಂಬರಿಗಳ ಕಾಲ. ಯಾವ ಮೂರು ಇಲ್ಲದೆ ಹೋಗಬಹುದಾಗಿತ್ತೆಂದು ಅವರನ್ನು ಓದಿ ಬೆಳೆದ ಮನೆಗಳಲ್ಲಿ ಕೇಳಿ ನೋಡಬೇಕು.

ಅನುವಾದದ ಕೃತಿಯಲ್ಲಿ ಇನ್ನೊಂದು ತೊಡಕುಂಟು. ಅಲ್ಲಿ ಕಾಯುವವರು ಇಬ್ಬರು. ಮೂಲಲೇಖಕನ ಕನ್ನಡ ಪುಸ್ತಕ ಆಗಲೇ ಅಚ್ಚಾಗಿ ಅಂಗಡಿಯಲ್ಲಿರುತ್ತದೆ, ವಿಮರ್ಶೆ ಬಂದಿರುತ್ತದೆ, ಬಹುಮಾನವೂ ಬಂದಿರಬಹುದು. ಅವನಿಗೆ ಒಂದು ವರ್ಷದ ವಿಳಂಬ ಅಷ್ಟಾಗಿ ತಟ್ಟುವುದಿಲ್ಲ. ಅನುವಾದಕನಿಗೆ ಇರುವುದು ಆ ಒಂದು ಹಸ್ತಪ್ರತಿ ಮಾತ್ರ. ಹೀಗಿದ್ದೂ ಮೀಸಲಿನ ಒಪ್ಪಿಗೆಯನ್ನು ಮೂಲಲೇಖಕನೊಬ್ಬನೇ ಉದಾರವಾಗಿ ಕೊಟ್ಟುಬಿಡುವುದು ಸಾಧ್ಯ. ಅನುವಾದಕನ ದುಡಿಮೆ ಅದರೊಂದಿಗೆ ತಾನಾಗಿ ಕಟ್ಟಿಬೀಳುತ್ತದೆ. ಅಂತರರಾಷ್ಟ್ರೀಯ ಬೂಕರಿನ ಐವತ್ತು ಸಾವಿರ ಪೌಂಡುಗಳು ಲೇಖಕನಿಗೂ ಅನುವಾದಕನಿಗೂ ಸರಿಸಮವಾಗಿ ಹಂಚಿಕೆಯಾಗುತ್ತವೆ. ಅವಧಿಯನ್ನು ಗೊತ್ತುಮಾಡುವ ಕಾಗದದಲ್ಲಿಯೂ ಇಬ್ಬರ ರುಜು ಇರತಕ್ಕದ್ದು. ತನ್ನ ರುಜುವಿಲ್ಲದ ಮೀಸಲಿಗೆ ಅನುವಾದಕನು ತಲೆಬಾಗಬೇಕಾದುದಿಲ್ಲ.